ಸಿಗಡಿ ಬಲೆಯ ಕಣ್ಣು: ಪದೇ ಪದೇ ಕೇಳುವ ಪ್ರಶ್ನೆಗಳು

ಘಟ್ಟದ ಮೇಲೆ ಸಿಗಡಿ, ಕುಂದಾಪುರದ ಕಡೆ ಚಟ್ಲಿ, ತುಳುವಿನಲ್ಲಿ ಎಟ್ಟಿ, ಕೊಂಕಣಿಯಲ್ಲಿ ಸುಂಗಟ. ಹೆಸರು ಎಷ್ಟಿದ್ದರೂ ಬೋಟ್ ಬಂದು ಮಾಲು ಇಳಿಸುವ ದಕ್ಕೆಯಲ್ಲಿ ಕೇಳುವ ಪ್ರಶ್ನೆ ಒಂದೇ: ಈ ಸಲ ಸೈಜ್ ಹೇಗಿದೆ? ಸೈಜ್ ಸಣ್ಣದಾದರೆ ಮೊದಲು ಬೈಗುಳ ತಿನ್ನುವುದು ಬಲೆಯ ಕಣ್ಣು, ಅಂದರೆ ನೂಲುಗಳ ನಡುವಿನ ತೂತು. ಆ ಬೈಗುಳದಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಅಂತ ನೋಡೋಣ. ಹೆಚ್ಚಿನ ಮಾತು ಟ್ರಾಲ್ ಬಲೆಯದ್ದೇ, ಅಂದರೆ ಬೋಟಿನ ಹಿಂದೆ ಕಟ್ಟಿ ಎಳೆಯುವ, ಕೊನೆಯಲ್ಲಿ ಮಾಲು ಬೀಳುವ ಚೀಲ ಇರುವ ಬಲೆಯದ್ದು. ನಮ್ಮ ಕರಾವಳಿಯ ಕಡಲ ಸಿಗಡಿಯಲ್ಲಿ ದೊಡ್ಡ ಪಾಲು ಬರುವುದು ಅದರಿಂದ ತಾನೇ?

ಬಲೆಯ ಕಣ್ಣು 25 ಮಿ.ಮೀ. ಅಂದರೆ ನಿಜವಾಗಿ ಎಲ್ಲಿಂದ ಎಲ್ಲಿಗೆ ಅಳೆದದ್ದು?

ಅರ್ಧ ಜಗಳ ಶುರುವಾಗುವುದೇ ಇಲ್ಲಿಂದ. ಒಂದೇ ಕಣ್ಣಿಗೆ ಮೂರು ಅಳತೆ ಇದೆ.

ಮೊದಲನೆಯದು ಎಳೆದ ಅಳತೆ. ಕಣ್ಣಿನ ಎರಡು ತುದಿಯ ಗಂಟು ಹಿಡಿದು ಬಿಗಿಯಾಗಿ ಎಳೆದು, ಒಂದು ಗಂಟಿನ ನಡುವಿನಿಂದ ಎದುರಿನ ಗಂಟಿನ ನಡುವಿನವರೆಗೆ ಅಳೆಯುವುದು. ಅಂಗಡಿಯಲ್ಲಿ ಬಲೆ ಕೊಡುವಾಗ ಸಾಮಾನ್ಯವಾಗಿ ಹೇಳುವುದು ಇದನ್ನೇ. ಎರಡನೆಯದು ಒಳಗಿನ ಅಳತೆ. ಹಾಗೆಯೇ ಎಳೆದು ಗಂಟಿನ ಒಳಅಂಚಿನಿಂದ ಒಳಅಂಚಿಗೆ ಅಳೆಯುವುದು. ಸಿಗಡಿ ನುಸುಳುವುದಕ್ಕೆ ಇರುವ ಜಾಗ ಇಷ್ಟೇ, ಹಾಗಾಗಿ ವಿಜ್ಞಾನಿಗಳಿಗೂ ತಪಾಸಣೆ ಮಾಡುವವರಿಗೂ ಬೇಕಾದದ್ದು ಇದು. ಮೂರನೆಯದು ಒಂದು ಗಂಟಿನಿಂದ ಪಕ್ಕದ ಗಂಟಿಗೆ ಇರುವ ಒಂದು ಬದಿಯ ಉದ್ದ. ಇದು ಎಳೆದ ಅಳತೆಯ ಅರ್ಧ.

ಮೊದಲಿನ ಎರಡಕ್ಕೂ ನಡುವೆ ಗಂಟಿನ ದಪ್ಪದಷ್ಟು ವ್ಯತ್ಯಾಸ ಬರುತ್ತದೆ. ಸಣ್ಣ ಕಣ್ಣಿನ, ದಪ್ಪ ನೂಲಿನ ಬಲೆಯಲ್ಲಿ ಆ ಎರಡು ಮೂರು ಮಿಲಿಮೀಟರ್ ಚಿಕ್ಕ ಮಾತಲ್ಲ. ದಕ್ಕೆಯಲ್ಲಿ ಒಮ್ಮೆ ಇಬ್ಬರು ಒಂದೇ ಬಲೆ ಹಿಡಿದುಕೊಂಡು, ಒಬ್ಬರು 25 ಅಂತಲೂ ಇನ್ನೊಬ್ಬರು 22 ಅಂತಲೂ ವಾದಕ್ಕೆ ನಿಂತಿದ್ದರು. "ಕಣ್ಣು ದೊಡ್ಡದೇ ಉಂಟು ಮಾರ್ರೆ, ನಿಮ್ಮ ಸ್ಕೇಲೇ ಸರಿ ಇಲ್ಲ." ಇಬ್ಬರ ಸ್ಕೇಲೂ ಸರಿಯಾಗಿಯೇ ಇತ್ತು. ಒಬ್ಬರು ಗಂಟಿನ ನಡುವಿನಿಂದ ಹಿಡಿದಿದ್ದರು, ಇನ್ನೊಬ್ಬರು ಒಳಗಿನಿಂದ.

ಮನೆಯಲ್ಲೇ ಸರಿಯಾಗಿ ಅಳೆಯುವುದು ಹೇಗೆ?

ಬಲೆ ಒದ್ದೆ ಇರಲಿ. ಚೀಲದ ಉದ್ದಕ್ಕೆ, ಬಲೆ ಎಳೆಯುವ ದಿಕ್ಕಿನಲ್ಲಿ, ಸಾಲಾಗಿ 20 ಕಣ್ಣು ಅಳೆದು ಸರಾಸರಿ ತೆಗೆಯಿರಿ. ಹೊಲಿಗೆಯ ಪಕ್ಕದ, ಹಗ್ಗದ ಪಕ್ಕದ, ರಿಪೇರಿ ಮಾಡಿದ ಜಾಗದ ಕಣ್ಣು ಬಿಡಿ. ತಪಾಸಣೆಗೆ ಚಪ್ಪಟೆಯಾದ, ಒಂದು ಕಡೆ ಚೂಪಾಗುವ ಪಟ್ಟಿಯೊಂದು ಬರುತ್ತದೆ. ಅದನ್ನು ಕಣ್ಣಿನೊಳಗೆ ತೂರಿಸಿ, ಎಲ್ಲಿ ನಿಂತಿತೋ ಅಲ್ಲಿನ ಅಂಕಿ ಓದುವುದು. ಜೋರಾಗಿ ಒತ್ತಿದರೆ ಅಂಕಿ ಏರುತ್ತದೆ, ಹಾಗಾಗಿ ಈಗ ಒಂದೇ ಬಲದಲ್ಲಿ ಎಳೆಯುವ ಯಂತ್ರಗಳೂ ಬಂದಿವೆ.

ಕಣ್ಣು ದೊಡ್ಡದು ಮಾಡಿದರೆ ದೊಡ್ಡ ಸಿಗಡಿಯೇ ಸಿಗುತ್ತದೆ. ಅಷ್ಟೇ ಅಲ್ವಾ?

ದಿಕ್ಕು ಸರಿ. ಆದರೆ ದಡದಲ್ಲಿ ಕೈಯಲ್ಲಿ ಹಿಡಿದು ಅಳೆದ ಕಣ್ಣು ಬೇರೆ, ನೀರಿನೊಳಗೆ ಎಳೆತಕ್ಕೆ ಸಿಕ್ಕಿದ ಕಣ್ಣು ಬೇರೆ.

ಮಾಮೂಲಿ ಟ್ರಾಲ್ ಬಲೆಯ ಕಣ್ಣು ವಜ್ರದ ಆಕಾರದ್ದು, ಎಲ್ಲರೂ ಡೈಮಂಡ್ ಅನ್ನುವುದು ಇದನ್ನೇ. ಬೋಟ್ ಎಳೆಯುವಾಗ ಬಲೆ ಉದ್ದಕ್ಕೆ ಬಿಗಿಯುತ್ತದೆ. ಹಿಂದೆ ಹಿಡಿದ ಮಾಲಿನ ಭಾರ, ಮುಂದೆ ಎಂಜಿನ್ನಿನ ಎಳೆತ. ನಡುವೆ ಸಿಕ್ಕ ಕಣ್ಣು ಉದ್ದಕ್ಕೆ ಹಿಗ್ಗಿ ಅಗಲಕ್ಕೆ ಮುಚ್ಚಿಕೊಳ್ಳುತ್ತದೆ. ಈರುಳ್ಳಿ ಚೀಲವನ್ನು ಎರಡೂ ತುದಿ ಹಿಡಿದು ಎಳೆದು ನೋಡಿ, ಅದೇ ಆಟ.

ಒಂದು ಲೆಕ್ಕ ಹಾಕೋಣ. 35 ಮಿ.ಮೀ. ಡೈಮಂಡ್ ಕಣ್ಣು ಎಳೆತದಲ್ಲಿ ತನ್ನ ಪೂರ್ತಿ ಉದ್ದದ ಕಾಲು ಭಾಗದಷ್ಟು ಮಾತ್ರ ಅಗಲವಾಗಿ ತೆರೆದಿದೆ ಅಂತ ಇಟ್ಟುಕೊಳ್ಳಿ. ಆಗ ಅಗಲ 9 ಮಿ.ಮೀ.ಗೂ ಸ್ವಲ್ಪ ಕಡಿಮೆ, ಉದ್ದ 34ರ ಹತ್ತಿರ. ಬರೀ ಒಂದು ಸೀಳು. ಅದೇ ಬಲೆಯನ್ನು ಚೌಕ ಕಣ್ಣಾಗಿ ಕಟ್ಟಿದರೆ ಎಲ್ಲ ಬದಿಯೂ 17.5 ಮಿ.ಮೀ. ನೂಲು ಅದೇ, ಗಂಟು ಅದೇ, ತೆರೆದ ಜಾಗ ಮಾತ್ರ ಎರಡು ಪಟ್ಟು. ಅಂಗಡಿಯ ಚೀಟಿಯಲ್ಲಿ ಎರಡೂ 35 ಮಿ.ಮೀ. ಬಲೆಯೇ.

ಚೌಕ ಕಣ್ಣು ಯಾಕೆ ಮುಚ್ಚಿಕೊಳ್ಳುವುದಿಲ್ಲ?

ಚೌಕ ಕಣ್ಣಿನಲ್ಲಿ ಅರ್ಧ ನೂಲು ಎಳೆತದ ದಿಕ್ಕಿಗೆ ನೇರವಾಗಿ ಓಡುತ್ತದೆ, ಇನ್ನರ್ಧ ಅಡ್ಡಕ್ಕೆ. ಭಾರ ಪೂರ್ತಿ ಹೊರುವುದು ನೇರ ನೂಲು. ಅಡ್ಡ ನೂಲಿಗೆ ಕೆಲಸ ಕಡಿಮೆ, ಕಣ್ಣನ್ನು ಮುಚ್ಚುವ ಶಕ್ತಿಯೇ ಅಲ್ಲಿ ಹುಟ್ಟುವುದಿಲ್ಲ. ಹಾಗಾಗಿ ಚೀಲ ತುಂಬಿದರೂ ಕಣ್ಣು ತೆರೆದೇ ಇರುತ್ತದೆ.

ಇದಕ್ಕೆ ಒಂದು ಬೆಲೆಯೂ ಇದೆ. ಭಾರ ಹೊರುವ ನೂಲು ಅರ್ಧವಾಯಿತಲ್ಲ, ಗಂಟು ಜಾರುವ, ಕಣ್ಣು ವಕ್ರವಾಗುವ ಕಾಟ ಜಾಸ್ತಿ. ಇನ್ನೊಂದು ವಿಷಯ, ಚೌಕ ಕಣ್ಣು ಎಲ್ಲ ಮೀನಿಗೂ ಒಳ್ಳೆಯದಲ್ಲ. ಬಂಗುಡೆ, ಮದ್ಮಲ್ ತರದ ಮರಿಗಳಿಗೆ ಸಲೀಸು. ನಂಗಿನಂಥ ಚಪ್ಪಟೆ ಮೀನಿಗೆ ಡೈಮಂಡಿನ ಸೀಳೇ ಹೆಚ್ಚು ಅನುಕೂಲ.

ಬಲೆಯ ಎಲ್ಲ ಭಾಗದ ಕಣ್ಣೂ ಲೆಕ್ಕಕ್ಕೆ ಬರುತ್ತದಾ?

ಸಿಗಡಿಯ ಸೈಜ್ ತೀರ್ಮಾನವಾಗುವುದು ಬಹುಪಾಲು ಕೊನೆಯ ಚೀಲದಲ್ಲಿ, ಅಂದರೆ ಮಾಲು ಬಂದು ಬೀಳುವ ಜಾಗದಲ್ಲಿ. ಅದರಲ್ಲೂ ಮಾಲು ಉಬ್ಬಿ ನಿಂತಿರುತ್ತದಲ್ಲ, ಅದರ ಸ್ವಲ್ಪ ಮುಂದಿನ ನಾಲ್ಕಾರು ಸಾಲು ಕಣ್ಣಿನಲ್ಲಿ. ಉಬ್ಬಿನಿಂದಾಗಿ ಡೈಮಂಡ್ ಕಣ್ಣು ಕೂಡ ಅಲ್ಲಿ ಒಂದಿಷ್ಟು ತೆರೆದಿರುತ್ತದೆ. ಉಬ್ಬಿನ ಹಿಂದೆ ಸಿಗಡಿ ಒಂದರ ಮೇಲೊಂದು ಬಿದ್ದು ಕಣ್ಣು ಮುಚ್ಚಿಹೋಗಿರುತ್ತದೆ. ಉಬ್ಬಿಗಿಂತ ತುಂಬಾ ಮುಂದೆ ಹೋದರೆ ಎಳೆತಕ್ಕೆ ಕಣ್ಣು ಸೀಳಾಗಿರುತ್ತದೆ.

ಮೀನಿನ ಟ್ರಾಲ್ ಬಲೆಗೆ ಬಾಯಲ್ಲಿ ಅಷ್ಟು ದೊಡ್ಡ ಕಣ್ಣು ಇರುತ್ತದೆ. ಸಿಗಡಿ ಬಲೆಗೆ ಯಾಕಿಲ್ಲ?

ಮೀನಿಗೆ ಹೆದರಿಕೆ ಇದೆ. ಬಲೆಯ ಗೋಡೆ ಕಂಡರೆ ಅದು ಗೋಡೆಯಿಂದ ದೂರ ಸರಿದು ನಡುವಿಗೆ ಬರುತ್ತದೆ, ಬಲೆಯ ಮುಂದೆ ಮುಂದೆ ಈಜುತ್ತದೆ, ಸುಸ್ತಾದ ಮೇಲೆ ಹಿಂದಕ್ಕೆ ಬೀಳುತ್ತದೆ. ಹಾಗಾಗಿ ಮುಂದಿನ ಕಣ್ಣಿನಲ್ಲಿ ಆಳು ನುಗ್ಗುವಷ್ಟು ಜಾಗ ಇದ್ದರೂ ನಡೆಯುತ್ತದೆ. ಸಿಗಡಿಗೆ ಈ ಬುದ್ಧಿ ಇಲ್ಲ. ಬಲೆಯ ಬಾಯಿಯ ತಳದ ಸರಪಳಿ ತಾಗಿದರೆ ಬಾಲ ಮಡಚಿ ಒಂದು ಸಲ ಹಿಂದಕ್ಕೆ ಚಿಮ್ಮುತ್ತದೆ, ಆಮೇಲೆ ನೀರು ಕೊಂಡೊಯ್ದ ಕಡೆಗೆ ಹೋಗುತ್ತದೆ. ಮುಂದಿನ ಕಣ್ಣು ದೊಡ್ಡದಿದ್ದರೆ ಸಣ್ಣದು, ದೊಡ್ಡದು ಎಲ್ಲವೂ ಅಲ್ಲೇ ಹೊರಗೆ. ಆದ್ದರಿಂದ ಸಿಗಡಿ ಬಲೆಯ ಮೈಯೆಲ್ಲ ಸಣ್ಣ ಕಣ್ಣು.

ಇಷ್ಟು ಮಿ.ಮೀ. ಕಣ್ಣಿಗೆ ಇಷ್ಟು ಸೆಂ.ಮೀ. ಸಿಗಡಿ ಅಂತ ಒಂದು ಪಟ್ಟಿ ಕೊಡಿ.

ಪಟ್ಟಿ ಕೇಳುವವರು ತುಂಬಾ ಜನ. ಆದರೆ ಬಲೆ ಅನ್ನುವುದು ಜರಡಿಯಂತೆ ಕರಾರುವಾಕ್ಕಾಗಿ ಗೆರೆ ಹಾಕುವುದಿಲ್ಲ. 7 ಸೆಂ.ಮೀ. ಸಿಗಡಿ ಪೂರ್ತಿ ಹೊರಗೆ, 7.1 ಸೆಂ.ಮೀ. ಪೂರ್ತಿ ಒಳಗೆ ಅನ್ನುವ ಹಾಗಿಲ್ಲ. ಅದಕ್ಕೇ ಬಲೆಯ ಗುಣವನ್ನು ಎರಡು ಅಂಕಿಯಲ್ಲಿ ಹೇಳುತ್ತಾರೆ. ಒಂದು, ಚೀಲಕ್ಕೆ ಬಂದ ಸಿಗಡಿಯಲ್ಲಿ ಅರ್ಧದಷ್ಟು ಉಳಿದು ಅರ್ಧದಷ್ಟು ತಪ್ಪಿಸಿಕೊಳ್ಳುವ ಉದ್ದ. ಇದನ್ನು ಅರ್ಧಂಬರ್ಧ ಉದ್ದ ಅಂತ ಕರೆಯೋಣ, ಬಾಯಿಗೆ ಸುಲಭ. ಇನ್ನೊಂದು, ನೂರಕ್ಕೆ 25 ಉಳಿಯುವ ಉದ್ದಕ್ಕೂ 75 ಉಳಿಯುವ ಉದ್ದಕ್ಕೂ ನಡುವಿನ ಅಂತರ. ಅಂತರ ಕಡಿಮೆಯಿದ್ದರೆ ಬಲೆ ಚೆನ್ನಾಗಿ ಬೇರ್ಪಡಿಸುತ್ತದೆ ಅಂತ ಅರ್ಥ. ಜಾಸ್ತಿಯಿದ್ದರೆ ಮರಿಯೂ ಸಿಗುತ್ತದೆ, ದೊಡ್ಡದೂ ಕಳೆದುಹೋಗುತ್ತದೆ.

ಇದನ್ನು ಕಂಡುಹಿಡಿಯುವ ಹಳೇ ಉಪಾಯ ಸರಳ. ಚೀಲದ ಹೊರಗೆ ಸಡಿಲವಾಗಿ ಇನ್ನೊಂದು ತೀರಾ ಸಣ್ಣ ಕಣ್ಣಿನ ಚೀಲ ಕಟ್ಟುತ್ತಾರೆ. ಒಳಚೀಲದಿಂದ ತಪ್ಪಿಸಿಕೊಂಡದ್ದು ಹೊರಚೀಲದಲ್ಲಿ ಸಿಗುತ್ತದೆ. ಮೇಲೆತ್ತಿದ ಮೇಲೆ ಎರಡನ್ನೂ ಬೇರೆ ಬೇರೆ ಸುರಿದು, ಒಂದೊಂದೇ ಸಿಗಡಿ ಸ್ಕೇಲಿಗೆ ಇಟ್ಟು ಬರೆದುಕೊಳ್ಳುವುದು. ಕೆಲಸ ಬೇಸರದ್ದು, ಉತ್ತರ ಮಾತ್ರ ಗಟ್ಟಿ.

ಸಿಗಡಿ ಅಷ್ಟು ತೆಳ್ಳಗಿದೆ. ಆದರೂ ಕಣ್ಣಿನಿಂದ ಸುಲಭವಾಗಿ ತಪ್ಪಿಸಿಕೊಳ್ಳುವುದಿಲ್ಲ, ಯಾಕೆ?

ಒಂದು ಸಿಗಡಿ ಕೈಗೆತ್ತಿಕೊಳ್ಳಿ. ತಲೆಯ ಮುಂದೆ ಗರಗಸದಂಥ ಕೊಂಬು. ಮೈಗಿಂತ ಉದ್ದದ ಮೀಸೆ. ಹೊಟ್ಟೆಯಡಿ ನಡೆಯುವ ಕಾಲು ಐದು ಜೊತೆ, ಅದರ ಹಿಂದೆ ಈಜುವ ಕಾಲು ಐದು ಜೊತೆ. ಬಾಲದಲ್ಲಿ ಬೀಸಣಿಗೆ, ನಡುವೆ ಒಂದು ಮುಳ್ಳು. ಈಗ ಅದನ್ನು ಬಲೆಯ ತುಂಡಿನ ಮೇಲೆ ಹಾಕಿ ಎತ್ತಿ. ಮೈ ಹೋಗುವಷ್ಟು ಜಾಗ ಇದ್ದರೂ ಎಲ್ಲೋ ಒಂದು ಕಾಲು, ಒಂದು ಮೀಸೆ ಸಿಕ್ಕಿಕೊಂಡು ನೇತಾಡುತ್ತದೆ.

ಮೀನು ತಲೆ ಮುಂದೆ ಮಾಡಿ ಕಣ್ಣು ಹುಡುಕಿಕೊಂಡು ಹೋಗುತ್ತದೆ. ಸಿಗಡಿ ಚಿಮ್ಮುವುದು ಹಿಂದಕ್ಕೆ, ಅದೂ ಮೈ ಬಗ್ಗಿಸಿಕೊಂಡು. ಕಣ್ಣಿಗೆ ಅಡ್ಡವಾಗಿ ಬಡಿಯಿತೋ ಮುಗಿಯಿತು. ಸರಿಯಾದ ಕೋನದಲ್ಲಿ ಬಂದದ್ದು ಮಾತ್ರ ಪಾರು. ಅದಕ್ಕೇ ಸಿಗಡಿಯ ವಿಷಯದಲ್ಲಿ ಆ 25ರಿಂದ 75ರ ಅಂತರ ಯಾವಾಗಲೂ ಅಗಲ. ಚೌಕ ಕಣ್ಣು ಹಾಕಿದರೆ ಮೀನಿನ ಮರಿಯಲ್ಲಿ ಕಾಣುವಷ್ಟು ದೊಡ್ಡ ವ್ಯತ್ಯಾಸ ಸಿಗಡಿಯಲ್ಲಿ ಪ್ರತಿ ಸಲ ಕಾಣುವುದಿಲ್ಲ, ಕಾರಣ ಇದೇ. ಚೌಕ ಕಣ್ಣಿನ ಪ್ರಚಾರ ಮಾಡುವವರು ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಇಲ್ಲದಿದ್ದರೆ ಮೊದಲ ಟ್ರಿಪ್ಪಿಗೇ ಬೋಟ್ ನಡೆಸುವ ತಾಂಡೇಲನ ನಂಬಿಕೆ ಹೋಗುತ್ತದೆ.

ಕಣ್ಣಿನ ಅಳತೆ ಬದಲಾಯಿಸದೆಯೂ ಬಲೆಯ ಗುಣ ಬದಲಾಗುತ್ತದಾ?

ಚೆನ್ನಾಗಿಯೇ ಬದಲಾಗುತ್ತದೆ. ಕಾನೂನಿನ ಅಂಕಿ ಒಂದೇ ಇಟ್ಟುಕೊಂಡು ಮರಿ ಹಿಡಿಯುವ ದಾರಿಗಳೂ ಇಲ್ಲೇ ಇವೆ.

ನೂಲು ದಪ್ಪ ಮಾಡಿದರೆ ಬಲೆ ಬಿರುಸಾಗುತ್ತದೆ, ಕಣ್ಣು ತೆರೆಯುವುದಕ್ಕೆ ಒಪ್ಪುವುದಿಲ್ಲ. ಜೋಡಿ ನೂಲು ಹಾಕಿದರೆ ಇನ್ನೂ ಕಷ್ಟ. ಚೀಲದ ಸುತ್ತಳತೆಯಲ್ಲಿ ಕಣ್ಣಿನ ಸಂಖ್ಯೆ ಜಾಸ್ತಿ ಮಾಡಿದರೆ ಚೀಲ ಸಡಿಲವಾಗಿ, ಒಂದೊಂದು ಕಣ್ಣೂ ಮಡಚಿಕೊಂಡು ನಿಲ್ಲುತ್ತದೆ. ಸಂಖ್ಯೆ ಕಡಿಮೆ ಮಾಡಿದರೆ ಅದೇ ಕಣ್ಣು ಅಗಲಕ್ಕೆ ತೆರೆದುಕೊಳ್ಳುತ್ತದೆ.

ಎಲ್ಲಕ್ಕಿಂತ ದೊಡ್ಡ ಚಮತ್ಕಾರ ಹೊರಚೀಲದ್ದು. ತಳ ಕಲ್ಲಿಗೆ ಉಜ್ಜಿ ಹರಿಯಬಾರದು ಅಂತ ಚೀಲದ ಮೇಲೆ ಇನ್ನೊಂದು ಬಲೆ ಸುತ್ತುವುದುಂಟು. ಉದ್ದೇಶ ಸರಿಯೇ. ಆದರೆ ಎರಡು ಪದರದ ಕಣ್ಣು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. 35ರ ಒಳಗೆ ಇನ್ನೊಂದು 35 ಇದ್ದರೆ ನಡುವೆ ಸಿಗುವ ಕಿಂಡಿ ಎಷ್ಟು? ಎರಡು ಜರಡಿ ಒಂದರ ಮೇಲೊಂದು ಇಟ್ಟು ರಾಗಿ ಸುರಿದವರಿಗೆ ಗೊತ್ತು.

ಚೀಲ ತುಂಬಿದ ಹಾಗೆ ಏನಾಗುತ್ತದೆ?

ಮೊದಲ ಹಂತದಲ್ಲಿ ಉಬ್ಬು ಬೆಳೆದು ಕಣ್ಣು ಸ್ವಲ್ಪ ತೆರೆಯುತ್ತದೆ. ಆಮೇಲೆ ಮಾಲೇ ಮಾಲಿಗೆ ಅಡ್ಡ. ಅಂಬಲಿ ಮೀನು (ಜೆಲ್ಲಿಫಿಶ್) ಬಿದ್ದ ದಿನ ಕೇಳುವುದೇ ಬೇಡ. ಲೋಳೆ ಕಣ್ಣಿಗೆಲ್ಲ ಮೆತ್ತಿಕೊಂಡು ಚೀಲ ಬಟ್ಟೆಯ ಹಾಗಾಗುತ್ತದೆ. ಕಡಲ ಕಸ, ಪ್ಲಾಸ್ಟಿಕ್ ಕವರ್ ಮಾಡುವುದೂ ಅದನ್ನೇ. ಮೂರು ತಾಸು ಎಳೆದ ಬಲೆಯಲ್ಲಿ ಮರಿ ಜಾಸ್ತಿ ಉಳಿದಿದ್ದರೆ ಅದಕ್ಕೆ ಕಣ್ಣಿನಷ್ಟೇ ಎಳೆದ ಹೊತ್ತೂ ಕಾರಣ ಇರಬಹುದು. ಎಳೆತ ಚಿಕ್ಕದಾದರೆ ಮಾಲಿನ ಗುಣಮಟ್ಟವೂ ಚೆನ್ನ, ಸಿಗಡಿ ಜಜ್ಜಿಹೋಗುವುದಿಲ್ಲ. ಆದರೆ ಬಲೆ ಪದೇ ಪದೇ ಎತ್ತಬೇಕು, ಕಲಾಸಿಗಳ ಬೆನ್ನು ಬೀಳುತ್ತದೆ.

ಎಲ್ಲ ಸಿಗಡಿಗೂ ಹೊಂದುವ ಒಂದೇ ಕಣ್ಣು ಯಾವುದು?

ನಮ್ಮ ಕಡಲಿಗೆ ಅಂಥದ್ದು ಇಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ನಾರ್ವೆಯ ಉತ್ತರದಲ್ಲಿ ಸಿಗಡಿ ಬಲೆಗೆ 35 ಮಿ.ಮೀ. ಕಣ್ಣು ಅಂತ ನಿಯಮ ಮಾಡಿದರು. ಅಲ್ಲಿ ಹಿಡಿಯುವುದು ಹೆಚ್ಚುಕಡಿಮೆ ಒಂದೇ ಜಾತಿ, ತಣ್ಣೀರಿನ ಕೆಂಪು ಸಿಗಡಿ. ಜರ್ಮನಿ, ಹಾಲೆಂಡಿನವರು ಉತ್ತರ ಸಮುದ್ರದಲ್ಲಿ ಹಿಡಿಯುವ ಕಂದು ಸಿಗಡಿ ಬಹಳ ಚಿಕ್ಕದು, ಅವರ ಕಣ್ಣು 20ರಿಂದ 26 ಮಿ.ಮೀ. ಆಸುಪಾಸು. ಅಲ್ಲೂ ಒಂದೇ ಜಾತಿ. ಜಾತಿ ಒಂದೇ ಆದರೆ ಅದಕ್ಕೆ ತಕ್ಕ ಕಣ್ಣು ಹುಡುಕುವುದು ಸುಲಭ.

ಮಂಗಳೂರು, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರದ ಬೋಟಿಗೆ ಒಂದೇ ಎಳೆತದಲ್ಲಿ ನಾಲ್ಕೈದು ಜಾತಿ ಬೀಳುತ್ತದೆ. ಮಾರಾಟಗಾರರು ಕರಿಕ್ಕಾಡಿ ಅನ್ನುವ ಸಿಗಡಿ ಪೂರ್ತಿ ಬೆಳೆದರೂ ಸುಮಾರು 14 ಸೆಂ.ಮೀ. ಒಳಗೇ. ಪೂವಾಲನ್ ಅದಕ್ಕಿಂತ ಚಿಕ್ಕದು. ಬಿಳಿ ಸಿಗಡಿ 20 ಸೆಂ.ಮೀ. ದಾಟುತ್ತದೆ. ಟೈಗರ್ 30 ದಾಟಬಲ್ಲದು. 10 ಸೆಂ.ಮೀ. ಕರಿಕ್ಕಾಡಿ ಅಂದರೆ ಮೊಟ್ಟೆ ಇಟ್ಟು ಮುಗಿಸಿದ ಅಜ್ಜಿ. 10 ಸೆಂ.ಮೀ. ಟೈಗರ್ ಇನ್ನೂ ಶಾಲೆಗೆ ಸೇರದ ಮಗು. ಟೈಗರಿನ ಮರಿ ಬಿಡುವಷ್ಟು ದೊಡ್ಡ ಕಣ್ಣು ಹಾಕಿದರೆ ಕರಿಕ್ಕಾಡಿ ಪೂರ್ತಿ ಹೋಯಿತು. ಕರಿಕ್ಕಾಡಿಗೆ ಹೊಂದಿಸಿದರೆ ಟೈಗರ್ ಮರಿಯೂ ಮದ್ಮಲ್ ಮರಿಯೂ ಚೀಲದಲ್ಲಿ.

ಸಣ್ಣದೆಲ್ಲ ಮರಿ ಅನ್ನುವುದೂ ತಪ್ಪು. ಗೋವಾ, ಕಾರವಾರದ ಕಡೆ ಗಾಲ್ಮೋ ಅಂತ ಒಣಗಿಸಿ ಮಾರುವ ಪುಟಾಣಿ ಇದೆಯಲ್ಲ, ಮಹಾರಾಷ್ಟ್ರದವರ ಜವಳಾ? ಅದು ಬೆಳೆದದ್ದೇ ಅಷ್ಟು, ಎರಡು ಮೂರು ಸೆಂಟಿಮೀಟರ್. ಅದಕ್ಕೆ 35 ಮಿ.ಮೀ. ಕಣ್ಣು ಹಾಕಿ ಅಂದರೆ ನೀರು ಹಿಡಿದ ಹಾಗೆ.

ಹೀಗಾಗಿ ಒಂದು ಅಂಕಿ ಅನ್ನುವುದು ಯಾವಾಗಲೂ ರಾಜಿ. ಯಾವ ಜಾತಿಗೆ ಎಷ್ಟು ನಷ್ಟ ಒಪ್ಪಿಕೊಳ್ಳುತ್ತೀರಿ ಅನ್ನುವುದೇ ನಿಜವಾದ ಚರ್ಚೆ.

ಬೀಸುಬಲೆ, ಬೀಡುಬಲೆಗೂ ಇದೇ ಲೆಕ್ಕವಾ?

ಬೀಸುಬಲೆಗೆ ಹೆಚ್ಚುಕಡಿಮೆ ಇದೇ. ಕಣ್ಣಿಗಿಂತ ಸಣ್ಣದು ಹೋಗುತ್ತದೆ, ದೊಡ್ಡದು ಉಳಿಯುತ್ತದೆ. ಎಳೆತ ಇಲ್ಲದ್ದರಿಂದ ಕಣ್ಣೂ ಅಷ್ಟು ಮುಚ್ಚುವುದಿಲ್ಲ.

ನೀರಿನಲ್ಲಿ ಗೋಡೆಯ ಹಾಗೆ ನಿಲ್ಲಿಸುವ ಬೀಡುಬಲೆಯ ಗುಣ ಬೇರೆ. ಅಲ್ಲಿ ತೀರಾ ಸಣ್ಣದು ದಾಟಿಹೋಗುತ್ತದೆ, ತೀರಾ ದೊಡ್ಡದು ಕಣ್ಣೊಳಗೆ ತಲೆ ತೂರಿಸಲಾಗದೆ ಬಚಾವ್. ನಡುವಿನ ಸೈಜ್ ಮಾತ್ರ ಸಿಕ್ಕಿಬೀಳುತ್ತದೆ. ಸಿಗಡಿಯಾದರೆ ಕೊಂಬು, ಕಾಲು ತೊಡರಿಕೊಂಡು ಇನ್ನಷ್ಟು ಸಿಗುತ್ತದೆ. ಮೂರು ಪದರದ ಬಲೆಯಲ್ಲಿ ನಡುವಿನ ಸಣ್ಣ ಕಣ್ಣಿನ ಪದರ ಹೊರಗಿನ ದೊಡ್ಡ ಕಣ್ಣಿನಲ್ಲಿ ಜೋಳಿಗೆಯಾಗಿ ಸುತ್ತಿಕೊಳ್ಳುತ್ತದೆ, ಅಲ್ಲಿ ಸೈಜಿನ ಹಂಗು ಕಡಿಮೆ.

ಅಳಿವೆಯಲ್ಲೂ ಗಜನಿಯಲ್ಲೂ (ಉಪ್ಪುನೀರಿನ ಗದ್ದೆ) ಹಿಡಿಯುವ ಸಿಗಡಿ ಯಾಕೆ ಯಾವಾಗಲೂ ಸಣ್ಣದು?

ಬಿಳಿ ಸಿಗಡಿ, ಟೈಗರ್, ಪೂವಾಲನ್ ಇವೆಲ್ಲ ಮೊಟ್ಟೆ ಇಡುವುದು ಕಡಲಲ್ಲಿ. ಮರಿ ಎರಡು ಮೂರು ವಾರದಲ್ಲಿ ಅಳಿವೆಗೆ ಬಂದು ಸೇರುತ್ತದೆ, ಕೆಲವು ತಿಂಗಳು ಬೆಳೆದು ಮತ್ತೆ ಕಡಲಿಗೆ ಹೊರಡುತ್ತದೆ. ಅಘನಾಶಿನಿ, ಶರಾವತಿ, ಕಾಳಿ, ನೇತ್ರಾವತಿಯ ಅಳಿವೆಗಳು ಹೀಗೆ ಸಿಗಡಿಯ ಬಾಲವಾಡಿ. ಅಲ್ಲಿ ಎಂಥ ಬಲೆ ಹಾಕಿದರೂ ದೊಡ್ಡದು ಎಲ್ಲಿಂದ ಬರಬೇಕು? ಕರಿಕ್ಕಾಡಿ ಮಾತ್ರ ಈ ಓಡಾಟಕ್ಕಿಲ್ಲ, ಅದರ ಸಂಸಾರ ಪೂರ್ತಿ ಕಡಲಲ್ಲೇ.

ಕುಮಟಾ ಕಡೆಯ ಗಜನಿಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಆಮೇಲೆ ಸಿಗಡಿ. ಉಬ್ಬರದಲ್ಲಿ ನೀರಿನ ಜೊತೆ ಮರಿ ಒಳಗೆ ಬರುತ್ತದೆ. ಇಳಿತದಲ್ಲಿ ತೂಬಿನ ಬಾಯಿಗೆ ಚೀಲದ ಬಲೆ ಕಟ್ಟುತ್ತಾರೆ, ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಇಳಿತದಲ್ಲಿ ಮಾಲು ಜೋರು. ಇಲ್ಲಿ ಕಣ್ಣು ಸ್ವಲ್ಪ ದೊಡ್ಡದು ಮಾಡಿದರೂ ಲಾಭ ಬೇಗ ಕಾಣುತ್ತದೆ. ತೂಬಿನ ನೀರಿನ ರಭಸಕ್ಕೆ ಕಣ್ಣು ತುಂಬಿಕೊಳ್ಳದ ಹಾಗೆ ಚೀಲ ಉದ್ದ ಇರಬೇಕು, ಅಷ್ಟೇ.

ಕಣ್ಣಿನ ಬದಲು ಕಂಬಿ ಜಾಲರಿ ಹಾಕುತ್ತಾರಂತೆ, ಅದೇನು?

ಅದರ ಕಥೆ ಚೆನ್ನಾಗಿದೆ. ನಾರ್ವೆಯ ನಾರ್ಡ್‌ಮೋರ್ ಭಾಗದ ಮೀನುಗಾರರೊಬ್ಬರು ಬಲೆಯಿಂದ ಅಂಬಲಿ ಮೀನು ಹೊರಹಾಕುವುದಕ್ಕೆ ಅಂತ ಚೀಲದ ಮುಂದೆ ಓರೆಯಾಗಿ ಒಂದು ಕಂಬಿ ಜಾಲರಿ ನಿಲ್ಲಿಸಿದರು. ಸಿಗಡಿ ಕಂಬಿಯ ನಡುವೆ ತೂರಿ ಚೀಲಕ್ಕೆ ಬಿತ್ತು, ಅಂಬಲಿ ಮೇಲಿನ ಕಿಂಡಿಯಿಂದ ಹೊರಗೆ ಹೋಯಿತು. ಮೀನಿನ ಮರಿಯೂ ಜೊತೆಗೇ ಹೊರಟದ್ದು ಗೊತ್ತಾದ ಮೇಲೆ ಸರ್ಕಾರ ಬೆನ್ನು ಹತ್ತಿತು. 1990ರ ದಶಕದ ಆರಂಭದಲ್ಲಿ ಅಲ್ಲಿ ಅದು ಕಡ್ಡಾಯವಾಯಿತು, ಕಂಬಿಗಳ ನಡುವೆ 19 ಮಿ.ಮೀ. ಜಾಗ. 1950ರ ದಶಕದಲ್ಲಿ ಕೇರಳದ ನೀಂಡಕರದಲ್ಲಿ ಯಾಂತ್ರಿಕ ಬೋಟ್ ಕಲಿಸಿದವರೂ ನಾರ್ವೆಯವರೇ. ಬೋಟ್ ಬಂದಷ್ಟು ಬೇಗ ಜಾಲರಿ ಬರಲಿಲ್ಲ.

ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಮಿಶ್ರ ಮಾಲಿಗೆ ತಕ್ಕ ಹಾಗೆ ಒಂದು ಜಾಲರಿ ಮಾಡಿದೆ. ಸಿಗಡಿ ಕೆಳಚೀಲಕ್ಕೆ, ದೊಡ್ಡ ಮೀನು ಮೇಲ್ಚೀಲಕ್ಕೆ, ಮೀನಿನ ಮರಿ ಹೊರಗೆ. ಮೇಲೆ ಬಂದಾಗ ಅರ್ಧ ಬೇರ್ಪಡಿಸಿದ ಮಾಲೇ ಸಿಗುತ್ತದೆ. 2005ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಬಹುಮಾನವೂ ಬಂತು.

ಆಮೆ ತಪ್ಪಿಸುವ ಸಾಧನ ಹಾಕಿದರೆ ಸಿಗಡಿಯ ಸೈಜ್ ಬದಲಾಗುತ್ತದಾ?

ಇಲ್ಲ. ಅದರ ಕಂಬಿಗಳ ನಡುವೆ ಸುಮಾರು 10 ಸೆಂ.ಮೀ. ಜಾಗ ಇರುತ್ತದೆ, ಎಂಥ ಟೈಗರ್ ಕೂಡ ಆರಾಮಾಗಿ ದಾಟುತ್ತದೆ. ಹೊರಗೆ ಹೋಗುವುದು ಆಮೆ, ದೊಡ್ಡ ತೊರಕೆ, ಮರದ ದಿಮ್ಮಿ. ಆದರೆ ಅದಿಲ್ಲದೆ ಅಮೆರಿಕಕ್ಕೆ ಕಡಲ ಸಿಗಡಿ ಕಳಿಸುವ ಹಾಗಿಲ್ಲ. ಅಲ್ಲಿ 1989ರಿಂದ ಕಾನೂನಿದೆ, ಭಾರತದ ಕಡಲ ಸಿಗಡಿಗೆ 2019ರಿಂದ ಅಲ್ಲಿ ಬಾಗಿಲು ಮುಚ್ಚಿತು. ಕೆರೆಯಲ್ಲಿ ಸಾಕಿದ ಸಿಗಡಿಗೆ ಈ ತಕರಾರು ಇಲ್ಲ.

ತಪ್ಪಿಸಿಕೊಂಡ ಮರಿ ಬದುಕುತ್ತದಾ? ಇಲ್ಲ ಸುಮ್ನೆ ಸಾಯುತ್ತದಾ?

ಎಲ್ಲವೂ ಬದುಕುವುದಿಲ್ಲ. ಆದರೆ ಬೂತಾಯಿಯ ಹಾಗೆ ಪೊರೆ ಉದುರಿ ಸಾಯುವ ಜೀವ ಅಲ್ಲ ಇದು. ಮೇಲೆ ಗಟ್ಟಿ ಚಿಪ್ಪಿದೆ. ನೀರಿನೊಳಗೇ, ಚೀಲ ತುಂಬುವ ಮೊದಲೇ ತಪ್ಪಿಸಿಕೊಂಡದ್ದಕ್ಕೆ ಬದುಕುವ ಅವಕಾಶ ಚೆನ್ನಾಗಿರುತ್ತದೆ. ಡೆಕ್ಕಿಗೆ ಎಳೆದು, ಬಿಸಿಲಲ್ಲಿ ಬೇರ್ಪಡಿಸಿ, ಆಮೇಲೆ ಕಡಲಿಗೆ ಎಸೆದದ್ದಕ್ಕೆ ಅಷ್ಟಿಲ್ಲ, ಕಾದು ಕೂತ ಹಕ್ಕಿಗೆ ಊಟ.

ಮರಿ ಬಿಟ್ಟರೆ ನನ್ನ ಡೀಸೆಲ್ ಖರ್ಚು ಯಾರು ಕೊಡುತ್ತಾರೆ?

ನ್ಯಾಯವಾದ ಪ್ರಶ್ನೆ. ಕಣ್ಣು ದೊಡ್ಡದು ಮಾಡಿದ ಮೊದಲ ದಿನಗಳಲ್ಲಿ ಬುಟ್ಟಿ ಕಡಿಮೆಯೇ ಆಗುತ್ತದೆ. ಸುಳ್ಳು ಹೇಳಿ ಪ್ರಯೋಜನವಿಲ್ಲ.

ಇನ್ನೊಂದು ಬದಿಯ ಲೆಕ್ಕವನ್ನೂ ನೋಡಿ. ಸಿಗಡಿಯ ಉದ್ದ ಒಂದೂವರೆ ಪಟ್ಟಾದರೆ ತೂಕ ಮೂರೂಕಾಲು ಪಟ್ಟಿಗೂ ಸ್ವಲ್ಪ ಹೆಚ್ಚಾಗುತ್ತದೆ, ಯಾಕೆಂದರೆ ಅದು ಉದ್ದ, ಅಗಲ, ದಪ್ಪ ಮೂರೂ ಕಡೆ ಬೆಳೆಯುತ್ತದೆ. ಕೆ.ಜಿ.ಗೆ 300 ನಿಲ್ಲುವ ಮರಿ ಒಂದೂವರೆ ಪಟ್ಟು ಉದ್ದ ಆದರೆ ಕೆ.ಜಿ.ಗೆ ಸುಮಾರು 90 ಸಾಕು. ಅಂದರೆ ಬಿಟ್ಟ 100 ಮರಿಯಲ್ಲಿ 70 ಸತ್ತುಹೋಗಿ 30 ಮಾತ್ರ ಮತ್ತೆ ಬಲೆಗೆ ಬಿದ್ದರೂ ತೂಕ ಅಷ್ಟೇ ಬರುತ್ತದೆ. ಮೇಲೆ ರೇಟು ಬೇರೆ. ಸಿಗಡಿ ವ್ಯಾಪಾರ ನಡೆಯುವುದೇ ಕೌಂಟಿನ ಮೇಲೆ, ಕೆ.ಜಿ.ಗೆ ಎಷ್ಟು ನಿಲ್ಲುತ್ತದೆ ಅನ್ನುವುದರ ಮೇಲೆ. 300 ಕೌಂಟಿನದು ಒಣಗಿಸುವುದಕ್ಕೋ ಫಿಶ್‌ಮೀಲಿಗೋ ಹೋಗುತ್ತದೆ. 90ರದ್ದಕ್ಕೆ ಐಸ್ ಹಾಕಿ ಪೆಟ್ಟಿಗೆ ಕಟ್ಟುತ್ತಾರೆ. ಸಿಗಡಿ ಬೇಗ ಬೆಳೆಯುವ ಜೀವ, ಕಾಯಬೇಕಾದದ್ದು ವರ್ಷಗಟ್ಟಲೆ ಅಲ್ಲ, ಕೆಲವೇ ತಿಂಗಳು.

ತೊಡಕು ಎಲ್ಲಿ ಅಂದರೆ, ನೀವು ಬಿಟ್ಟದ್ದನ್ನು ನಾಳೆ ಪಕ್ಕದ ಬೋಟಿನವ ಹಿಡಿಯುತ್ತಾನೆ. ಒಬ್ಬರೇ ಕಣ್ಣು ದೊಡ್ಡದು ಮಾಡಿದರೆ ಅದು ದಾನ. ಒಂದು ಬಂದರಿನವರೆಲ್ಲ ಒಟ್ಟಿಗೆ ಮಾಡಿದರೆ ಮಾತ್ರ ಲೆಕ್ಕ ಕೂಡುತ್ತದೆ. ಹಾಗಾಗಿ ನನಗೆ ತಾಂಡೇಲನನ್ನು ಬೈಯುವವರ ಮೇಲೆ ಅಷ್ಟೇನೂ ಗೌರವವಿಲ್ಲ. ಬಂದರಿನ ಸಂಘದಲ್ಲಿ ಕೂತು ಎಲ್ಲರಿಗೂ ಒಂದೇ ದಿನಾಂಕ ಹಾಕಿಸುವವರ ಮೇಲಿದೆ.

ಕಾನೂನು ಏನು ಹೇಳುತ್ತದೆ?

ದಡದಿಂದ 12 ನಾಟಿಕಲ್ ಮೈಲಿವರೆಗೆ ರಾಜ್ಯಗಳ ಅಧಿಕಾರ, ಹಾಗಾಗಿ ರಾಜ್ಯಕ್ಕೊಂದು ನಿಯಮ. ಗುಜರಾತಿನಲ್ಲಿ ಟ್ರಾಲ್ ಚೀಲಕ್ಕೆ 40 ಮಿ.ಮೀ. ಚೌಕ ಕಣ್ಣು. ಕೇರಳ ಇನ್ನೊಂದು ದಾರಿಯನ್ನೂ ಹಿಡಿಯಿತು. ಬಲೆಯ ಜೊತೆಗೆ ಮಾಲನ್ನೂ ಅಳೆಯೋಣ ಅಂತ 2015ರಲ್ಲಿ 14 ಜಾತಿಗೆ, 2017ರಲ್ಲಿ ಇನ್ನೂ 44 ಜಾತಿಗೆ ಕನಿಷ್ಠ ಉದ್ದ ಗೊತ್ತು ಮಾಡಿತು. ಕರ್ನಾಟಕದಲ್ಲಿ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿ ಸರ್ಕಾರ ಆದೇಶ ಹೊರಡಿಸುತ್ತದೆ. ಹೊಸ ಚೀಲಕ್ಕೆ ದುಡ್ಡು ಹಾಕುವ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಸದ್ಯದ ಆದೇಶದ ಪ್ರತಿ ಕೇಳಿ ತೆಗೆದುಕೊಳ್ಳಿ. ಅಂಕಿ ಒಳಅಳತೆಯದ್ದೋ ಎಳೆದ ಅಳತೆಯದ್ದೋ ಅಂತಲೂ ಕೇಳಿ.

ಜೂನ್, ಜುಲೈಯಲ್ಲಿ ಹೇಗೂ ಬಂದ್ ಇದೆ. ಅಷ್ಟು ಸಾಲದಾ?

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮಲ್ಲಿ ಟ್ರಾಲ್ ಬೋಟ್ ಇಳಿಯುವುದಿಲ್ಲ. ಆ ಎರಡು ತಿಂಗಳು ಮರಿ ನೆಮ್ಮದಿಯಾಗಿ ಬೆಳೆಯುತ್ತದೆ. ಆಗಸ್ಟಿನ ಮೊದಲ ವಾರ ಸಣ್ಣ ಕಣ್ಣಿನ ಬಲೆ ಇಳಿದರೆ ಆ ನೆಮ್ಮದಿಯ ಫಸಲು ಅರ್ಧಕ್ಕೇ ಕೊಯ್ದ ಹಾಗೆ. ಎರಡೂ ಬೇಕು.

ಇರುವ ಡೈಮಂಡ್ ಬಲೆಯನ್ನೇ ಚೌಕ ಕಣ್ಣಿನ ಚೀಲ ಮಾಡಿಕೊಳ್ಳಬಹುದಾ?

ಆಗುತ್ತದೆ. ಬಲೆಯನ್ನು ನೂಲಿನ ಓರೆಯಲ್ಲೇ ಕತ್ತರಿಸಿ, 45 ಡಿಗ್ರಿ ತಿರುಗಿಸಿ ಹೊಲಿಯಬೇಕು. ತುದಿಯಲ್ಲಿ ತ್ರಿಕೋನದ ತುಂಡುಗಳು ಸುಮ್ನೆ ದಂಡ ಆಗುತ್ತವೆ, ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ ಬಲೆ ತನ್ನಿ. ಮುಂದಿನ ಡೈಮಂಡ್ ಭಾಗಕ್ಕೆ ಸೇರಿಸುವಾಗ ಸುಕ್ಕು ಒಂದೇ ಕಡೆ ಬೀಳದ ಹಾಗೆ ಸುತ್ತಲೂ ಸಮವಾಗಿ ಹಂಚಿ. ಬಲೆ ಕೆಲಸ ಗೊತ್ತಿರುವ ಕೈ ಬೇಕು, ಮೊದಲ ಸಲಕ್ಕೆ ಅನುಭವಸ್ಥರನ್ನು ಪಕ್ಕ ಕೂರಿಸಿಕೊಳ್ಳಿ.

ಇಷ್ಟು ರಗಳೆ ಬೇಡ ಅಂದರೆ ಇನ್ನೊಂದು ದಾರಿ ಇದೆ. ಡೈಮಂಡ್ ಬಲೆಯನ್ನೇ 90 ಡಿಗ್ರಿ ತಿರುಗಿಸಿ, ಅಂದರೆ ಬಲೆಯ ಅಗಲವನ್ನು ಚೀಲದ ಉದ್ದ ಮಾಡಿ ಹೊಲಿಯುವುದು. ಓರೆ ಕತ್ತರಿಸುವ ಕೆಲಸ ಇಲ್ಲ. ಗಂಟಿನ ದಪ್ಪವೇ ಕಣ್ಣನ್ನು ಸ್ವಲ್ಪ ಅಗಲಿಸಿ ಹಿಡಿಯುತ್ತದೆ. ಯುರೋಪಿನ ಬಾಲ್ಟಿಕ್ ಸಮುದ್ರದಲ್ಲಿ ಕಾಡ್ ಮೀನಿಗೆ ಇದನ್ನು ಬಳಸುತ್ತಿದ್ದರು. ಚೌಕದಷ್ಟು ತೆರೆಯುವುದಿಲ್ಲ, ಮಾಮೂಲಿಗಿಂತ ವಾಸಿ.

ಯಾವುದೇ ಮಾಡಿದರೂ ಮೊದಲ ಟ್ರಿಪ್ ಮುಗಿಸಿ ಬಂದ ಮೇಲೆ ಚೀಲವನ್ನು ದಕ್ಕೆಯ ಮೇಲೆ ಹರಡಿ, ಮಾಲು ಬಿದ್ದ ಜಾಗದ ಗಂಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಜಾರಿದ ಗಂಟು ಒಂದು ಬದಿಯ ಕಣ್ಣನ್ನು ಹಿಗ್ಗಿಸಿ ಇನ್ನೊಂದು ಬದಿಯದನ್ನು ಕುಗ್ಗಿಸಿರುತ್ತದೆ. ಅಂಥದ್ದು ಸಾಲಾಗಿ ನಾಲ್ಕು ಕಂಡರೆ ಆ ನೂಲು ಈ ಕೆಲಸಕ್ಕಲ್ಲ, ಗಂಟು ಬಿಗಿ ಮಾಡಿಸಿದ ಬಲೆಯನ್ನೋ ಗಂಟೇ ಇಲ್ಲದ ಹೆಣಿಗೆಯ ಬಲೆಯನ್ನೋ ತನ್ನಿ.